ವಿಷವಿಲ್ಲದ ಹಾವು, ನಿಲ್ಲದ ರಕ್ತ

2014ರಲ್ಲಿ ನಾನು ನೈರೋಬಿಯ ಒಂದು ಖಾಸಗಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಹಿರಿಯ ವೈದ್ಯೆಯಾಗಿದ್ದೆ. ಮೈಸೂರಿನಲ್ಲಿ ಓದಿ, ಅಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲವು ವರ್ಷ ದುಡಿದಿದ್ದೆ. ನನ್ನ ಗಂಡನಿಗೆ ನೈರೋಬಿಯಲ್ಲಿ ಕೆಲಸ ಸಿಕ್ಕಿದ್ದರಿಂದ ಕೆನ್ಯಾಕ್ಕೆ ಬಂದೆ. ಮೈಸೂರಿನ ದಿನಗಳಲ್ಲಿ ಹಾವು ಕಡಿತ ನನಗೆ ದಿನನಿತ್ಯದ ಮಾತಾಗಿತ್ತು. ನಾಗರವೋ, ಕಟ್ಟುಹಾವೋ, ಕೊಳಕುಮಂಡಲವೋ ಎಂದು ರೋಗಿಯ ಕಣ್ಣುರೆಪ್ಪೆ, ಗಾಯದ ಊತ ನೋಡಿಯೇ ಅಂದಾಜು ಮಾಡುತ್ತಿದ್ದೆ. ನೈರೋಬಿಯ ನಗರದ ನಡುವಿನ ಆಸ್ಪತ್ರೆಗೆ ಅಂಥ ರೋಗಿಗಳು ಬರುವುದೇ ಅಪರೂಪ. ಬಂದರೂ ಇಲ್ಲಿನ ಹಾವುಗಳೇ ಬೇರೆ. ಅವುಗಳಲ್ಲಿ ಹೆಚ್ಚಿನವನ್ನು ನಾನು ನೋಡಿದ್ದು ನಮ್ಮ ವಿಭಾಗದ ಗೋಡೆಗೆ ಅಂಟಿಸಿದ್ದ ಬಣ್ಣದ ಪಟದಲ್ಲಿ ಮಾತ್ರ.

ಅದು ಜುಲೈ ತಿಂಗಳ ಒಂದು ಭಾನುವಾರದ ಬೆಳಗ್ಗೆ. ಜುಲೈ ಎಂದರೆ ನೈರೋಬಿಯಲ್ಲಿ ಚಳಿ. ದಿನವಿಡೀ ಸೂರ್ಯ ಕಾಣದೆ, ಎಲ್ಲರೂ ಸ್ವೆಟರಿನೊಳಗೆ ಮುದುಡಿಕೊಂಡಿರುವ ಕಾಲ. ವಾರ್ಡಿನಲ್ಲಿ ಹೆಚ್ಚು ಜನವಿರಲಿಲ್ಲ. ಬಾಗಿಲ ಬಳಿ ಗಲಾಟೆ ಕೇಳಿ ಹೊರಗೆ ಬಂದೆ. ಗಂಡಸೊಬ್ಬರು ಬಲಗೈಗೆ ಸ್ನಾನದ ಟವೆಲ್ ಸುತ್ತಿಕೊಂಡು ನಿಂತಿದ್ದರು. ಟವೆಲ್ ಪೂರ್ತಿ ಕೆಂಪಾಗಿತ್ತು. ಅವರ ಹಿಂದೆ ನನ್ನ ವಯಸ್ಸಿನ ಹೆಂಗಸೊಬ್ಬರು ಬಟ್ಟೆ ಒಗೆಯಲು ಹಾಕುವ ದೊಡ್ಡ ಪ್ಲಾಸ್ಟಿಕ್ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬರುತ್ತಿದ್ದರು. ಬುಟ್ಟಿಯ ಮುಚ್ಚಳವನ್ನು ದುಪಟ್ಟಾದಿಂದ ಬಿಗಿಯಾಗಿ ಕಟ್ಟಿದ್ದರು.

"ಯಾರೂ ಮುಟ್ಟಬೇಡಿ. ಒಳಗೆ ಹಾವು ಉಂಟು, ಜೀವಂತ ಉಂಟು" ಎಂದು ಅವರು ಇಂಗ್ಲಿಷಿನಲ್ಲಿ ಕೂಗಿ, ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿ, ಅದನ್ನೇ ಕನ್ನಡದಲ್ಲಿ ಮತ್ತೊಮ್ಮೆ ಹೇಳಿದರು. ಅಷ್ಟರಲ್ಲಿ ನಮ್ಮ ಸೆಕ್ಯುರಿಟಿಯವರು ಅಲ್ಲಿಂದ ಓಡಿಹೋಗಿದ್ದರು.

ಅವರ ಹೆಸರು ವಂದನಾ ಕಾಮತ್. ಗಂಡ ಸುಧಾಕರ ಕಾಮತ್, ಭಾರತೀಯರ ಒಡೆತನದ ಒಂದು ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥರು. ಮಂಗಳೂರು ಕಡೆಯವರು, ನಗರದ ಲೊರೆಶೋ ಬಡಾವಣೆಯಲ್ಲಿ ಬಾಡಿಗೆ ಮನೆ. ಅಂದು ಬೆಳಗ್ಗೆ ತಿಂಡಿ ಮುಗಿಸಿ ಸುಧಾಕರ ಅವರು ಬಟ್ಟೆ ಒಣಗಿಸುವ ಯಂತ್ರದ ಹಿಂದೆ ಬಿದ್ದಿದ್ದ ಏನನ್ನೋ ಎಳೆಯಲು ಕೈ ಹಾಕಿದ್ದಾರೆ.

"ಹಳೆ ಟವೆಲ್ ಅಂತ ಎಣಿಸಿದ್ದು ಡಾಕ್ಟ್ರೇ ಇವರು" ಎಂದರು ವಂದನಾ. "ಅದು ಕಚ್ಚಿ ಹಿಡಿದದ್ದು ಬಿಡ್ಲೇ ಇಲ್ಲ. ನಾನೇ ಕುತ್ತಿಗೆ ಹಿಡಿದು ಬಿಡಿಸಿದ್ದು. ವಾಚ್‌ಮನ್ ದೊಣ್ಣೆ ತಂದ. ಕೊಲ್ಲಬೇಡ ಮಾರಾಯ, ಯಾವ ಹಾವು ಅಂತ ಡಾಕ್ಟ್ರಿಗೆ ಬೇಕಾಗ್ತದೆ ಅಂತ ಹೇಳಿ ಬುಟ್ಟಿ ಕವುಚಿ ಹಾಕಿದೆ."

ಕಚ್ಚಿದ ಹಾವನ್ನು ಹಿಡಿದು ತರಬೇಡಿ ಎಂದು ವೈದ್ಯರಾದ ನಾವು ಎಲ್ಲರಿಗೂ ಹೇಳುತ್ತೇವೆ. ಅದರಿಂದ ಇನ್ನೊಬ್ಬರಿಗೆ ಕಚ್ಚುವ ಅಪಾಯವೇ ಹೆಚ್ಚು. ಆದರೆ ಆ ಹೆಂಗಸಿನ ಮುಖ ನೋಡಿ ಬೋಧನೆ ಮಾಡುವ ಧೈರ್ಯ ನನಗೆ ಬರಲಿಲ್ಲ. ಬುಟ್ಟಿಯನ್ನು ಖಾಲಿಯಿದ್ದ, ಮುರಿದ ಮೂಳೆಗೆ ಪ್ಲಾಸ್ಟರ್ ಹಾಕುವ ಕೋಣೆಯೊಳಗೆ ಇಡಿಸಿ ಬಾಗಿಲು ಹಾಕಿಸಿದೆ.

ಗಾಯ ನೋಡಿದಾಗಲೇ ಮೊದಲ ಗೊಂದಲ. ಮಂಡಲದ ಜಾತಿಯ ವಿಷಸರ್ಪ ಕಚ್ಚಿದರೆ ಸಾಮಾನ್ಯವಾಗಿ ಎರಡು ಆಳವಾದ ತೂತುಗಳಿರುತ್ತವೆ. ವಿಷವಿಲ್ಲದ ಹಾವಾದರೆ ಸೂಜಿಯಿಂದ ಚುಚ್ಚಿದಂಥ ಸಣ್ಣ ಗುರುತುಗಳ ಸಾಲು. ಸುಧಾಕರ ಅವರ ಮುಂಗೈಯಲ್ಲಿ ಎರಡೂ ಇದ್ದವು. ಕಮಾನಿನಂತೆ ಸಣ್ಣ ಚುಚ್ಚುಗಳು, ಅವುಗಳ ನಡುವೆ ಉದ್ದಕ್ಕೆ ಸೀಳಿದ ಎರಡು ಆಳದ ಗಾಯಗಳು. ಹಾವನ್ನು ಎಳೆದು ಬಿಡಿಸಿದಾಗ ಚರ್ಮ ಹರಿದದ್ದೋ, ವಿಷದ ಹಲ್ಲು ಇಳಿದದ್ದೋ ಹೇಳುವಂತಿರಲಿಲ್ಲ. ರಕ್ತ ಮಾತ್ರ ಎಲ್ಲ ಗಾಯಗಳಿಂದಲೂ ಒಂದೇ ಸಮನೆ ಜಿನುಗುತ್ತಿತ್ತು. ಒತ್ತಿ ಹಿಡಿದರೆ ನಿಲ್ಲುವುದು, ಬಿಟ್ಟರೆ ಮತ್ತೆ.

"ಉಸಿರಾಟ ಹೇಗಿದೆ? ಬೇರೆ ಕಾಯಿಲೆ ಏನಾದ್ರೂ ಇದೆಯಾ?"

"ಚಿಕ್ಕಂದಿನಿಂದ ಆಸ್ತಮಾ ಉಂಟು" ಎಂದರು ಸುಧಾಕರ. ಮಾತು ಮೆಲ್ಲಗೆ, ನಮಗೆ ತೊಂದರೆ ಕೊಟ್ಟೆನೇನೋ ಎಂಬ ಸಂಕೋಚದಲ್ಲಿ. "ಈಗ ಜಾಸ್ತಿ ಇಲ್ಲ."

"ಯಾವುದಾದ್ರೂ ಮಾತ್ರೆ ತಗೊಳ್ತಿದೀರಾ?"

ವಂದನಾ ಗಂಡನ ಎಡಗೈ ಹಿಡಿದು ನಿಂತಿದ್ದರು. ಅವರೇ ಉತ್ತರಿಸಿದರು. "ಇವರಾ? ಮಾತ್ರೆ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸ, ಆದ್ರೆ ತಲೆನೋವಿಗೂ ಒಂದು ನುಂಗುವ ಜನ ಅಲ್ಲ. ಹೋದ ವಾರ ಕೆಮ್ಮು ಇತ್ತು, ಅಷ್ಟೇ."

ಸುಧಾಕರ "ಇಲ್ಲ" ಎಂದು ತಲೆಯಾಡಿಸಿದರು.

ನನ್ನ ಜೊತೆ ಕೆಲಸದಲ್ಲಿದ್ದವರು ಡಾ. ಒಟಿಯೆನೊ. ಕೀಸುಮು ಕಡೆಯ ಯುವ ವೈದ್ಯರು, ಚುರುಕು, ನಿರ್ಧಾರ ತೆಗೆದುಕೊಳ್ಳುವುದರಲ್ಲಿ ನನಗಿಂತ ವೇಗ. ಅವರು ಪ್ಲಾಸ್ಟರ್ ಕೋಣೆಗೆ ಹೋಗಿ, ಬುಟ್ಟಿಯ ತೂತುಗಳಿಂದ ಹಾವಿನ ಫೋಟೋ ತೆಗೆದು ತಂದರು. ದಪ್ಪ ಮೈ. ಬೂದು, ಕಂದು, ನಸುಗೆಂಪು ಬಣ್ಣಗಳ ತೇಪೆ. ಅಗಲವಾದ ತಲೆ, ತಲೆಯ ಮೇಲೆ ಸಣ್ಣ ಸಣ್ಣ ಹುರುಪೆ, ಬೆಕ್ಕಿನಂತೆ ಸೀಳುಗಣ್ಣು.

"ಪಫ್ ಆಡರ್" ಎಂದರು ಒಟಿಯೆನೊ, ಗೋಡೆಯ ಪಟದ ಮೇಲೆ ಬೆರಳಿಟ್ಟು. ಆಫ್ರಿಕದಲ್ಲಿ ಅತಿ ಹೆಚ್ಚು ಜನರನ್ನು ಕಚ್ಚುವ ಹಾವುಗಳಲ್ಲಿ ಅದೂ ಒಂದು, ನಮ್ಮ ಕೊಳಕುಮಂಡಲದ ದೂರದ ನೆಂಟ. ತಲೆ ನೋಡಿದರೆ ನನಗೂ ಹಾಗೇ ಅನ್ನಿಸಿತು. ಮೈಬಣ್ಣ ನೋಡಿದರೆ ಅನ್ನಿಸಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಪಫ್ ಆಡರ್ ಕಚ್ಚಿದ ಕೈ ಇಷ್ಟು ಹೊತ್ತಿಗೆ ಬಾಳೆದಿಂಡಿನಂತೆ ಊದಬೇಕಿತ್ತು. ಈ ಕೈ ಊದಿರಲಿಲ್ಲ. ನೋವೂ ಹೆಚ್ಚಿರಲಿಲ್ಲ.

ಹಾವು ಕಡಿತದಲ್ಲಿ ನಾವು ಮಾಡುವ ಒಂದು ಸರಳ ಪರೀಕ್ಷೆಯಿದೆ. ರೋಗಿಯ ಸ್ವಲ್ಪ ರಕ್ತವನ್ನು ಶುದ್ಧವಾದ ಗಾಜಿನ ಕೊಳವೆಯಲ್ಲಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಡುವುದು, ಆಮೇಲೆ ಓರೆ ಮಾಡುವುದು. ಹೆಪ್ಪುಗಟ್ಟಿದ್ದರೆ ಸಮಾಧಾನ. ನೀರಿನಂತೆ ಹರಿದರೆ ವಿಷ ರಕ್ತಕ್ಕೆ ಸೇರಿದೆ ಎಂದು ಅರ್ಥ. ಕೊಳವೆ ಓರೆ ಮಾಡಿದಾಗ ಸುಧಾಕರ ಅವರ ರಕ್ತ ಗಾಜಿನ ಮೇಲೆ ಸಲೀಸಾಗಿ ಹರಿಯಿತು. ಅದೇ ಹೊತ್ತಿಗೆ ಅವರು ಬಾಯಿ ಮುಕ್ಕಳಿಸಿದ ನೀರು ಕೆಂಪಾಗಿದ್ದುದನ್ನು ನರ್ಸ್ ತೋರಿಸಿದಳು. ಒಸಡಿನಿಂದಲೂ ರಕ್ತ ಬರುತ್ತಿತ್ತು.

"ಆಂಟಿವೆನಮ್ ತಯಾರಿದೆ. ರಕ್ತ ಹೆಪ್ಪುಗಟ್ಟುತ್ತಿಲ್ಲ, ಒಸಡು ಸೋರುತ್ತಿದೆ. ಇನ್ನೇನು ಬೇಕು ಡಾಕ್ಟರ್?" ಎಂದರು ಒಟಿಯೆನೊ.

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಆಂಟಿವೆನಮ್ ಎನ್ನುವುದು ಕುದುರೆಯ ರಕ್ತದಿಂದ ತಯಾರಾಗುವ ಔಷಧ. ಕೆಲವರ ಮೈ ಅದನ್ನು ಒಪ್ಪದೆ, ಗಂಟಲು ಕಟ್ಟಿ, ರಕ್ತದೊತ್ತಡ ಕುಸಿಯುತ್ತದೆ. ಆಸ್ತಮಾ ಇದ್ದವರಲ್ಲಿ ಆ ಭಯ ಇನ್ನೂ ಹೆಚ್ಚು. ಮೈಸೂರಿನಲ್ಲಿ ಒಬ್ಬ ರೋಗಿ ಹಾಗೆ ನನ್ನ ಕಣ್ಣೆದುರೇ ನೀಲಿಗಟ್ಟಿ, ಹೋದ ಜೀವ ವಾಪಸು ಬಂದಂತೆ ಬದುಕಿದ್ದ. ಅಲ್ಲದೆ ಎಲ್ಲ ಹಾವಿಗೂ ಒಂದೇ ಔಷಧ ನಡೆಯುವುದಿಲ್ಲ. ಊತವಿಲ್ಲದೆ ರಕ್ತ ಮಾತ್ರ ಕೆಡಿಸುವ ಬೂಮ್‌ಸ್ಲಾಂಗ್ ಎಂಬ ಮರದ ಹಾವಿಗೆ ಬೇರೆಯೇ ಔಷಧ ಬೇಕು, ಅದು ನಮ್ಮಲ್ಲಿರಲಿಲ್ಲ. ಬುಟ್ಟಿಯೊಳಗಿನದು ಅದಂತೂ ಅಲ್ಲ. ಬೂಮ್‌ಸ್ಲಾಂಗ್ ಚಾಟಿಯಂತೆ ತೆಳ್ಳಗಿರುತ್ತದೆ. ಕೊಟ್ಟರೆ ಔಷಧ ಕೊಲ್ಲಬಹುದು, ಕೊಡದಿದ್ದರೆ ವಿಷ. ಯಾವುದಕ್ಕೂ ಗಟ್ಟಿಯಾದ ಆಧಾರವಿರಲಿಲ್ಲ.

ನಗರದ ಹೊರವಲಯದಲ್ಲಿ ಹಾವುಗಳನ್ನು ರಕ್ಷಿಸುವ ಕೆಲಸ ಮಾಡುತ್ತಿದ್ದ ಜೀವಶಾಸ್ತ್ರಜ್ಞೆ ಎನ್ಜೇರಿ ನನಗೆ ಪರಿಚಯವಿದ್ದರು. ಒಮ್ಮೆ ನಮ್ಮ ಆಸ್ಪತ್ರೆಗೆ ಉಪನ್ಯಾಸ ಕೊಡಲು ಬಂದಿದ್ದವರು. ಫೋಟೋ ಕಳಿಸಿ ಫೋನ್ ಮಾಡಿದೆ. 

"ಇದು ಎಲ್ಲಿ ಸಿಕ್ಕಿತು ಅಂದಿರಿ?"

"ಲೊರೆಶೋ."

"ಸಾಧ್ಯವಿಲ್ಲ. ಇದು ನಮ್ಮ ಹಾವಲ್ಲ. ಕೆನ್ಯಾದ ಯಾವ ಹಾವೂ ಹೀಗಿಲ್ಲ. ಬಾಯಿ ತೆರೆದು ನೋಡದೆ ನಾನು ಏನೂ ಹೇಳುವುದಿಲ್ಲ. ಬರುತ್ತಿದ್ದೇನೆ."

ರೋಗಿಯ ರಕ್ತದೊತ್ತಡ ಒಂದಿಷ್ಟು ಇಳಿದರೂ ಆಂಟಿವೆನಮ್ ಶುರು ಮಾಡುವುದು, ಅಲ್ಲಿಯವರೆಗೆ ಕಾಯುವುದು ಎಂದು ಒಟಿಯೆನೊ ಜೊತೆ ಒಪ್ಪಂದಕ್ಕೆ ಬಂದೆ. ಔಷಧ ಮೈಗೆ ಒಗ್ಗದಿದ್ದರೆ ಬೇಕಾಗುವ ಅಡ್ರಿನಲಿನ್ ಚುಚ್ಚುಮದ್ದನ್ನು ಕೈಗೆಟುಕುವಂತೆ ಇಟ್ಟುಕೊಂಡೆವು. ಎನ್ಜೇರಿ ಬರುವವರೆಗಿನ ಸಮಯ ಬಹಳ ಉದ್ದವಾಗಿತ್ತು. ವಂದನಾ ನನ್ನನ್ನು ಪಕ್ಕಕ್ಕೆ ಕರೆದರು.

"ನನ್ನ ಅಪ್ಪ ರಕ್ತ ಸೋರಿಯೇ ಹೋದದ್ದು ಡಾಕ್ಟ್ರೇ. ತಲೆಯ ಒಳಗೆ. ಬಚ್ಚಲಲ್ಲಿ ಸಣ್ಣಕ್ಕೆ ಜಾರಿದ್ದು, ಅಷ್ಟೇ. ಹೃದಯಕ್ಕೆ ಅಂತ ರಕ್ತ ತೆಳು ಮಾಡುವ ಮಾತ್ರೆ ಕೊಟ್ಟಿದ್ರು. ನಮ್ಮ ಮನೆಯವರಿಗೆ ಹಾಗೆ ಎಂತದಾದ್ರೂ ಆದ್ರೆ..."  ಹಾವಿನ ಕುತ್ತಿಗೆಗೆ ಕೈ ಹಾಕಿದ್ದ ಹೆಂಗಸು ಆಗ ನನ್ನ ಕೋಟಿನ ತೋಳು ಹಿಡಿದುಕೊಂಡಿದ್ದರು.

ಎನ್ಜೇರಿ ಕಬ್ಬಿಣದ ಕೊಕ್ಕೆ, ದಪ್ಪ ಕೈಗವಸುಗಳೊಂದಿಗೆ ಬಂದು ನೇರವಾಗಿ ಪ್ಲಾಸ್ಟರ್ ಕೋಣೆಗೆ ಹೋದರು. ನಾನು ಬಾಗಿಲಲ್ಲಿ ನಿಂತೆ. ಮುಚ್ಚಳ ತೆಗೆದಾಗ ಹಾವು ಬುಸುಗುಟ್ಟಿತು, ಆದರೆ ಮೇಲೆ ಬೀಳಲಿಲ್ಲ. ಅವರು ಕೊಕ್ಕೆಯಿಂದ ಎತ್ತಿ, ತಲೆಯ ಹಿಂದೆ ಹಿಡಿದು, ಮೃದುವಾದ ಪಟ್ಟಿಯೊಂದನ್ನು ತುಟಿಯ ನಡುವೆ ಇಟ್ಟು ಬಾಯಿ ತೆರೆದರು. ವಿಷದ ಹಲ್ಲಿರಲಿಲ್ಲ. ಒಳಕ್ಕೆ ಬಾಗಿದ ಸಣ್ಣ ಹಲ್ಲುಗಳ ಸಾಲು ಮಾತ್ರ. ಆಮೇಲೆ ಹಾವನ್ನು ತಿರುಗಿಸಿ ಬಾಲ ಶುರುವಾಗುವ ಜಾಗವನ್ನು ತೋರಿಸಿದರು. ಎರಡು ಕಡೆಯೂ ಮುಳ್ಳಿನಂಥ ಪುಟ್ಟ ಉಗುರುಗಳಿದ್ದವು.

"ಇವು ಹಿಂದಿನ ಕಾಲಿನ ಉಳಿಕೆ. ಹೆಬ್ಬಾವಿಗೂ ಇರುತ್ತವೆ, ಬೋವಾ ಎಂಬ ಹೆಬ್ಬಾವಿನಂಥ ಹಾವುಗಳಿಗೂ ಇರುತ್ತವೆ. ಆದರೆ ನಮ್ಮ ಹೆಬ್ಬಾವಿಗೆ ತುಟಿಯ ಮೇಲೆ ಶಾಖ ಗುರುತಿಸುವ ಗುಳಿಗಳಿವೆ, ಇದಕ್ಕಿಲ್ಲ. ಕೆನ್ಯಾದಲ್ಲಿ ಬೋವಾ ಅಂದರೆ ಮರಳಲ್ಲಿ ಹುದುಗಿರುವ ಮೋಟುಬಾಲದ ಸಣ್ಣ ಹಾವು ಮಾತ್ರ. ಇದು ಡ್ಯುಮೆರಿಲ್ ಬೋವಾ. ಮಡಗಾಸ್ಕರ್ ದ್ವೀಪದ್ದು. ಸಮುದ್ರ ದಾಟದೆ ಇಲ್ಲಿಗೆ ಬರಲು ಇದಕ್ಕೆ ದಾರಿಯೇ ಇಲ್ಲ. ಯಾರೋ ಕದ್ದು ತಂದಿದ್ದಾರೆ. ಎಂಬಕಸಿಯ ವಿಮಾನ ನಿಲ್ದಾಣದಿಂದಲೇ ಇರಬೇಕು."

"ವಿಷ?"

"ಒಂದು ಹನಿಯೂ ಇಲ್ಲ. ಸೋಪು ಹಾಕಿ ತೊಳೆದು ಮನೆಗೆ ಕಳಿಸಿ."

ವಂದನಾ ಅಲ್ಲೇ ಗೋಡೆಗೊರಗಿ ಅತ್ತರು. ಒಟಿಯೆನೊ ನಕ್ಕರು. ನಾನೂ ನಕ್ಕೆ. ನಕ್ಕು ತಿರುಗಿದಾಗ ನರ್ಸ್ ಎರಡನೆಯ ಕೊಳವೆ ಹಿಡಿದು ನಿಂತಿದ್ದಳು. ಹೊಸದಾಗಿ ತೆಗೆದ ರಕ್ತ, ಅದೂ ಹೆಪ್ಪುಗಟ್ಟಿರಲಿಲ್ಲ.

ಅಲ್ಲಿಂದ ಮುಂದಿನದು ನಿಜವಾದ ಗೊಂದಲ. ಹಾವಿಗೆ ವಿಷವಿಲ್ಲ, ಆದರೆ ರಕ್ತ ವಿಷವೇರಿದವರ ರಕ್ತದಂತೆ ವರ್ತಿಸುತ್ತಿದೆ. ಕಚ್ಚಿದ್ದು ಬೇರೆ ಹಾವಿರಬಹುದೇ ಎಂದು ಒಟಿಯೆನೊ ಕೇಳಿದರು. ಸಾಧ್ಯವೇ ಇರಲಿಲ್ಲ, ಕೈಗೆ ಕಚ್ಚಿಕೊಂಡಿದ್ದ ಹಾವನ್ನೇ ವಂದನಾ ಬಿಡಿಸಿ ಬುಟ್ಟಿಗೆ ಹಾಕಿದ್ದರು. ಎನ್ಜೇರಿ ಗುರುತಿಸಿದ್ದು ತಪ್ಪೇ? ವಿಷದ ಹಲ್ಲಿಲ್ಲದ ಬಾಯನ್ನು ನಾನೇ ಕಣ್ಣಾರೆ ನೋಡಿದ್ದೆ. ಕೊಳವೆಯಲ್ಲೇ ದೋಷವಿರಬಹುದು ಎಂದು ನನ್ನ ರಕ್ತವನ್ನೂ ಒಟಿಯೆನೊ ರಕ್ತವನ್ನೂ ಅದೇ ಪೆಟ್ಟಿಗೆಯ ಕೊಳವೆಗಳಲ್ಲಿಟ್ಟೆವು. ಎರಡೂ ಗಟ್ಟಿ ಮೊಸರಿನಂತೆ ಹೆಪ್ಪುಗಟ್ಟಿದವು. ಹಾವು ಪಾಷಾಣ ತಿಂದ ಇಲಿಯನ್ನು ನುಂಗಿ, ಆ ಪಾಷಾಣ ಹಲ್ಲಿನ ಮೂಲಕ ಮೈಗೆ ಇಳಿದಿರಬಹುದೇ ಎಂಬ ವಾದವನ್ನೂ ಒಟಿಯೆನೊ ಮುಂದಿಟ್ಟರು. ನಾನು ಅದನ್ನೂ ಒಂದು ನಿಮಿಷ ಗಂಭೀರವಾಗಿ ಯೋಚಿಸಿದೆ ಎಂದರೆ ನಮ್ಮ ಸ್ಥಿತಿ ಅರ್ಥವಾಗಬಹುದು.

"ವಿಷ ಇಲ್ಲ ಅಂದ್ರೆ ರಕ್ತ ಯಾಕೆ ನಿಲ್ಲುದಿಲ್ಲ?" ಎಂದು ವಂದನಾ ಕೇಳಿದರು.  ಗೊತ್ತಿಲ್ಲ, ಹುಡುಕುತ್ತಿದ್ದೇನೆ ಎಂದೆ.

ಆಮೇಲೆ ಪ್ರಯೋಗಾಲಯದ ವಿವರವಾದ ಫಲಿತಾಂಶ ಬಂತು. ಹಾವಿನ ವಿಷ ರಕ್ತದಲ್ಲಿನ ಹೆಪ್ಪುಗಟ್ಟಿಸುವ ಪ್ರೋಟೀನನ್ನು, ಅಂದರೆ ಫೈಬ್ರಿನೋಜೆನ್ ಅನ್ನು, ಸುಟ್ಟು ಮುಗಿಸುತ್ತದೆ. ಇವರಲ್ಲಿ ಅದು ಸರಿಯಾಗಿತ್ತು. ಪ್ಲೇಟ್‌ಲೆಟ್‌ಗಳೂ ಸರಿಯಾಗಿದ್ದವು. ಕೆಟ್ಟಿದ್ದು ಒಂದೇ, ಐಎನ್‌ಆರ್. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಅಳತೆ ಅದು. ಆರೋಗ್ಯವಂತರಲ್ಲಿ ಸುಮಾರು ಒಂದು ಇರುತ್ತದೆ. ಸುಧಾಕರ ಅವರದು ಏಳನ್ನು ದಾಟಿತ್ತು. ಈ ಚಿತ್ರ ಹಾವಿನದಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಕೆಲಸ ಮಾಡದಂತೆ ಏನೋ ತಡೆದಿದೆ. ಹಾಗೆ ತಡೆಯುವುದು ಇಲಿ ಪಾಷಾಣ, ಇಲ್ಲವೇ ಅದರದೇ ಕುಲದ ಒಂದು ಔಷಧ.

"ಮನೆಯಲ್ಲಿ ಇಲಿ ಪಾಷಾಣ ಇಟ್ಟಿದೀರಾ?" ಎಂದು ಕೇಳಿದೆ.

"ಇಲ್ಲಪ್ಪ! ಅದೆಲ್ಲ ನಾನು ಒಳಗೆ ತರ್ಲಿಕ್ಕೇ ಬಿಡುದಿಲ್ಲ" ಎಂದರು ವಂದನಾ.

ಆಗ ನಾನು ಸುಧಾಕರ ಅವರ ಮುಖ ನೋಡಿದೆ. ಅವರು ಚಾವಣಿ ನೋಡುತ್ತಿದ್ದರು. ವಂದನಾ ಅವರಿಗೆ ಚಹಾ ಕೊಡಿಸುವಂತೆ ನರ್ಸ್‌ಗೆ ಹೇಳಿ ಇಬ್ಬರನ್ನೂ ಕ್ಯಾಂಟೀನಿಗೆ ಕಳಿಸಿದೆ. ಪರದೆ ಎಳೆದೆ.

"ಕಾಮತ್ ಅವರೇ, ನೀವು ಔಷಧದ ಮನುಷ್ಯ. ನಾನು ಏನು ಕೇಳ್ತಿದೀನಿ ಅಂತ ನಿಮಗೆ ಗೊತ್ತು."

ಅವರು ಪರದೆಯ ಕಡೆ ಒಮ್ಮೆ ನೋಡಿ ಹೇಳಿದರು, "ವಾರ್ಫರಿನ್."

ಕೆಲವು ತಿಂಗಳ ಹಿಂದೆ ಕಾರ್ಖಾನೆಯ ಕೆಲಸಕ್ಕೆ ಮೊಂಬಾಸಾಕ್ಕೆ ಹೋಗಿದ್ದಾಗ ಅವರ ಕಾಲು ಊದಿಕೊಂಡಿತ್ತು, ಉಸಿರು ಕಟ್ಟಿತ್ತು. ಕಾಲಿನ ರಕ್ತನಾಳದಲ್ಲಿ ರಕ್ತ ಗರಣೆ ಕಟ್ಟಿ ಅದರ ಒಂದು ಚೂರು ಶ್ವಾಸಕೋಶ ಸೇರಿತ್ತು. ಅಲ್ಲಿನ ವೈದ್ಯರು ಉಳಿಸಿ, ಆರು ತಿಂಗಳು ವಾರ್ಫರಿನ್ ಎಂಬ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳಲು ಹೇಳಿದ್ದರು. ಮನೆಗೆ ಬಂದು ಹೆಂಡತಿಗೆ, ಊಟ ಕೆಟ್ಟು ಆಸ್ಪತ್ರೆ ಸೇರಿದ್ದೆ ಎಂದಿದ್ದರು. ಮಾತ್ರೆ ಆಫೀಸಿನಲ್ಲಿಟ್ಟುಕೊಂಡು ಅಲ್ಲೇ ನುಂಗುತ್ತಿದ್ದರು.

"ಅವಳ ಅಪ್ಪ ಸತ್ತದ್ದು ಅದೇ ಮಾತ್ರೆಯಿಂದ ಅಂತ ಅವಳು ನಂಬಿದ್ದಾಳೆ. ಆ ಹೆಸರು ಕೇಳಿದ್ರೆ ಸಾಕು, ನಿದ್ದೆ ಮಾಡುದಿಲ್ಲ. ಆರು ತಿಂಗಳು ಅಲ್ವಾ, ಸುಮ್ಮನೆ ಮುಗಿಸಿಬಿಡುವ ಅಂತ. ನೀವು ಕೇಳಿದಾಗ ಬಾಯಿ ತನಕ ಬಂತು. ಅವಳು ಕೈ ಹಿಡ್ಕೊಂಡಿದ್ದಳು."

"ಐಎನ್‌ಆರ್ ಚೆಕ್ ಮಾಡಿಸ್ತಿದ್ರಾ?"

"ಶುರುವಿಗೆ ಮಾಡಿಸಿದೆ. ಸರಿ ಉಂಟು ಅಂದ್ರು. ಆಮೇಲೆ ಇಲ್ಲ."

"ಕೆಮ್ಮಿಗೆ ಏನು ತಗೊಂಡ್ರಿ?"

ಅವರು ಒಂದು ಆಂಟಿಬಯೋಟಿಕ್ ಹೆಸರು ಹೇಳಿದರು. ಹೇಳುತ್ತಿದ್ದಂತೆ ಅವರಿಗೇ ಹೊಳೆದು, ಕಣ್ಣು ಮುಚ್ಚಿಕೊಂಡರು. ವಾರ್ಫರಿನ್ ಜೊತೆ ಸೇರಿದರೆ ಅದರ ಬಲವನ್ನು ಹಲವು ಪಟ್ಟು ಹೆಚ್ಚಿಸುವ ಔಷಧ ಅದು. ಒಂದು ವಾರದಿಂದ ಅವರ ರಕ್ತ ದಿನದಿನಕ್ಕೂ ತೆಳುವಾಗುತ್ತ ಬಂದಿತ್ತು. ಒಸಡಿನ ರಕ್ತವನ್ನು ಅವರು ಹೊಸ ಬ್ರಶ್ಶಿನ ಮೇಲೆ ಹಾಕಿದ್ದರಂತೆ. ಹೀಗೇ ಬಿಟ್ಟಿದ್ದರೆ ಬಚ್ಚಲಲ್ಲಿ ಜಾರಬೇಕೆಂದೇನೂ ಇರಲಿಲ್ಲ. ಕಾರಿನ ಬಾಗಿಲಿಗೆ ತಲೆ ತಾಗಿದ್ದರೂ ಸಾಕಿತ್ತು.

"ಅವಳಿಗೆ ಹೇಳಬೇಡಿ ಡಾಕ್ಟ್ರೇ. ಹಾವಿನದ್ದೇ ಅಂತ ಹೇಳಿ."

ರೋಗಿಯ ಗುಟ್ಟನ್ನು ಅವರ ಅನುಮತಿಯಿಲ್ಲದೆ ಯಾರಿಗೂ, ಹೆಂಡತಿಗೂ, ಹೇಳುವ ಹಕ್ಕು ನನಗಿಲ್ಲ. ಸುಳ್ಳು ಹೇಳುವ ಹಕ್ಕೂ ಇಲ್ಲ. "ನಾನು ಹೇಳಲ್ಲ" ಎಂದೆ. "ಆದ್ರೆ ಹಾವಿನದ್ದು ಅಂತಾನೂ ಹೇಳಲ್ಲ. ಅವರು ಕೇಳಿದ್ರೆ, ನಿಮ್ಮನ್ನೇ ಕೇಳಿ ಅಂತೀನಿ. ಇವತ್ತು ಬೆಳಗ್ಗೆ ಬರಿಗೈಲಿ ಹಾವಿನ ಕುತ್ತಿಗೆ ಹಿಡಿದೋರು ಅವರು. ನೀವಂದುಕೊಂಡಷ್ಟು ಮೆತ್ತಗಿಲ್ಲ."

ವಂದನಾ ಹಿಂತಿರುಗಿದಾಗ ಸುಧಾಕರ ಕೊಂಕಣಿಯಲ್ಲಿ ಮಾತಾಡಲು ಶುರು ಮಾಡಿದರು. ನನಗೆ ಆ ಭಾಷೆ ಬಾರದು. ನಡುವೆ ಬಂದ ವಾರ್ಫರಿನ್ ಎಂಬ ಒಂದು ಪದ ಮಾತ್ರ ಅರ್ಥವಾಯಿತು. ವಂದನಾ ಹಿಡಿದಿದ್ದ ಕೈ ಬಿಟ್ಟರು. ಏನೋ ಕೇಳಿದರು, ಉತ್ತರ ಬಂತು, ಮತ್ತೆ ಕೇಳಿದರು. ದನಿ ಏರಿತು. ಒಮ್ಮೆ ಬಾಗಿಲವರೆಗೆ ಹೋಗಿ ನಿಂತು, ಹಿಂತಿರುಗಿ ಬಂದರು. ನಾನು ಹೊರಗೆ ಹೋಗಬೇಕೋ ಇರಬೇಕೋ ತಿಳಿಯದೆ ಡ್ರಿಪ್ ಸರಿಪಡಿಸುತ್ತ ನಿಂತಿದ್ದೆ. ಅದು ಸರಿಯಾಗಿಯೇ ಇತ್ತು. ಕೊನೆಗೆ ಅವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು.

"ಈ ಐಎನ್‌ಆರ್ ಅನ್ನುವುದನ್ನು ನನ್ನ ಅಪ್ಪನಿಗೂ ನೋಡಬೇಕಿತ್ತಾ?"

"ನೋಡಬೇಕಿತ್ತು. ಆ ಮಾತ್ರೆ ತಗೊಳ್ಳೋರಿಗೆಲ್ಲ ಆಗಾಗ ನೋಡ್ತಿರಲೇಬೇಕು."

"ನಮಗೆ ಯಾರೂ ಹೇಳ್ಲೇ ಇಲ್ಲ" ಎಂದರು ಅವರು. ಆಮೇಲೆ ಅಂಗೈಯಿಂದ ಮುಖ ಒರೆಸಿಕೊಂಡು, "ಇವರಿಗೆ ಯಾವತ್ತು ಯಾವತ್ತು ನೋಡಬೇಕು? ನನಗೆ ಹೇಳಿ. ಇವರಿಗೆ ಹೇಳಿ ಪ್ರಯೋಜನ ಇಲ್ಲ" ಎಂದರು. 

ವಿಟಮಿನ್ ಕೆ ಕೊಟ್ಟೆವು. ಮರುದಿನ ಬೆಳಗ್ಗೆಗೆ ಗಾಯ ಒಣಗಿತ್ತು, ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟಿತು. ಕಾಲಿನ ಗರಣೆ ಪೂರ್ತಿ ಹೋಗಿರಲಿಲ್ಲವಾದ್ದರಿಂದ ವಾರ್ಫರಿನ್ನನ್ನು ಮತ್ತೆ ಶುರು ಮಾಡಬೇಕಾಯಿತು, ಈ ಬಾರಿ ಸರಿಯಾದ ಪ್ರಮಾಣದಲ್ಲಿ. ಮಾತ್ರೆಯನ್ನು ವಂದನಾ ತಮ್ಮ ಅಡುಗೆಮನೆಯಲ್ಲಿ, ಎಲ್ಲರಿಗೂ ಕಾಣುವ ಕಡೆ ಇಟ್ಟರು. ಪ್ರತಿ ಪರೀಕ್ಷೆಗೂ ಗಂಡನ ಜೊತೆ ಬಂದರು, ಪ್ರತಿ ಸಲವೂ ಫಲಿತಾಂಶವನ್ನು ಅವರೇ ಮೊದಲು ಕೇಳಿದರು. ಗಂಡನ ಮೇಲಿನ ಸಿಟ್ಟು ಬಹಳ ದಿನ ಇಳಿಯಲಿಲ್ಲ. ಇಳಿಯಬೇಕಾಗಿಯೂ ಇರಲಿಲ್ಲ ಎಂದು ನನ್ನ ಅಭಿಪ್ರಾಯ.

ಹಾವನ್ನು ವನ್ಯಜೀವಿ ಇಲಾಖೆಯವರು ವಶಕ್ಕೆ ಪಡೆದು ಎನ್ಜೇರಿಯವರ ಆರೈಕೆಗೆ ಬಿಟ್ಟರು. ತಂದವರು ಯಾರು ಎಂಬುದು ಕೊನೆಗೂ ತಿಳಿಯಲಿಲ್ಲ. ಲೊರೆಶೋದ ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಇನ್ಯಾರದೋ ಮನೆ ತೋರಿಸಿದರು. ಕೆಲವು ವಾರಗಳ ಮೇಲೆ ಎನ್ಜೇರಿ ಫೋನ್ ಮಾಡಿ, ಬೋವಾ ಮರಿ ಹಾಕಿದೆ ಎಂದರು. ಬೋವಾಗಳು ಮೊಟ್ಟೆಯಿಡದೆ ಜೀವಂತ ಮರಿಗಳನ್ನು ಹೆರುತ್ತವೆ. ಬಸುರಿ ಹಾವು ಚಳಿಗೆ ಬಿಸಿ ಯಂತ್ರದ ಹಿಂದೆ ಆಸರೆ ಹುಡುಕಿತ್ತು, ಅಷ್ಟೇ. ಕಾಮತ್ ದಂಪತಿಗಳ ಜೊತೆ ನಾನೂ ನೋಡಲು ಹೋದೆ. ಸುಧಾಕರ ಗಾಜಿನಿಂದ ದೂರವೇ ನಿಂತರು. ವಂದನಾ ಮೂಗು ತಾಗುವಷ್ಟು ಹತ್ತಿರ ಹೋಗಿ, "ಪಾಪ, ಗೊತ್ತಿಲ್ಲದ ಊರಲ್ಲಿ ಹೆರಿಗೆ" ಎಂದರು.

ಈಗ ನಾನು ನಿವೃತ್ತಳು. ಆ ಪ್ರಕರಣವನ್ನು ಕಿರಿಯ ವೈದ್ಯರಿಗೆ ಹೇಳಿದಾಗ ಅವರು ಹಾವಿನ ಪಾಠ ನಿರೀಕ್ಷಿಸುತ್ತಾರೆ. ಹಾವಿನ ಹೆಸರು ಸಿಕ್ಕಿದ್ದರಿಂದ ಒಂದು ಅಪಾಯಕಾರಿ ಔಷಧ ತಪ್ಪಿತು, ನಿಜ. ಆದರೆ ಹೆಸರು ಸಿಕ್ಕಿದ ಸಮಾಧಾನಕ್ಕೆ ಆ ಕೊಳವೆಯನ್ನು ಮರೆತು ರೋಗಿಯನ್ನು ಮನೆಗೆ ಕಳಿಸಿದ್ದರೆ, ಅವರು ಬದುಕುತ್ತಿದ್ದರೋ ಇಲ್ಲವೋ. ಎರಡು ಸಾಕ್ಷಿಗಳು ಒಂದಕ್ಕೊಂದು ಹೊಂದದಿದ್ದಾಗ ನಮಗೆ ಇಷ್ಟವಾದದ್ದನ್ನು ನಂಬಿ ಇನ್ನೊಂದನ್ನು ಬಿಡುವ ಆಸೆಯಾಗುತ್ತದೆ. ಗೊಂದಲದಲ್ಲೇ ಇನ್ನಷ್ಟು ಹೊತ್ತು ನಿಲ್ಲುವುದೂ ವೈದ್ಯರ ಕೆಲಸವೇ ಎಂದು ನನಗೆ ಅಂದು ತಿಳಿಯಿತು.

ಆ ದಿನದಿಂದ ನನಗೆ ಒಂದು ಅಭ್ಯಾಸವಾಯಿತು, ಕೆಲಸದ ಕೊನೆಯ ದಿನದವರೆಗೂ ಬಿಡಲಿಲ್ಲ. ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಮನೆಯವರ ಎದುರು ಒಮ್ಮೆ ಕೇಳುತ್ತಿದ್ದೆ. ಆಮೇಲೆ ಅವರನ್ನು ಹೊರಗೆ ಕಳಿಸಿ ಅದೇ ಪ್ರಶ್ನೆಯನ್ನು ಮತ್ತೊಮ್ಮೆ. ಹೆಚ್ಚಿನವರು ಆಗಲೇ ಹೇಳಿದೆನಲ್ಲ ಎಂದು ನಗುತ್ತಿದ್ದರು. ಕೆಲವರು ಮಾತ್ರ ನಗದೆ, ಬಾಗಿಲು ಮುಚ್ಚಿದೆಯೇ ಎಂದು ನೋಡುತ್ತಿದ್ದರು. ಆಗ ನಾನು ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆ.